ಉಪ್ಪು ಸುರಿದ ದಾರಿ

“ಗುರುಗಳೇ, ನಮ್ಮವರನ್ನು ಉಳಿಸಿಕೊಳ್ಳಲು ಭಯದಿಂದ ಮಾಡಿದ ಕೆಲಸದಲ್ಲಿ ತಪ್ಪಿದೆಯೇ?” ಎಂದು ಶಿಷ್ಯ ಮುರಿಗಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಹಿಮ ಬೀಳುವ ಬೆಟ್ಟಗಳ ನಡುವೆ ಒಂದು ಹಳ್ಳಿ. ಅಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನ ಮನೆಯಿಂದ ನೀರಿನ ಒರತೆಗೆ ಹೋಗಲು ಇದ್ದದ್ದು ಒಂದೇ ಕಾಲುದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಚಳಿಗಾಲದಲ್ಲಿ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಒಂದು ವರ್ಷ ನೀರಿಗೆಂದು ಹೋದ ಅವನ ಹೆಂಡತಿ ಅಲ್ಲಿ ಜಾರಿ ಬಿದ್ದು ಸತ್ತಳು. ಉಳಿದವಳು ಮಗಳೊಬ್ಬಳು.

ಮರುವರ್ಷ ಮೊದಲ ಹಿಮ ಬಿದ್ದ ದಿನದಿಂದ ವ್ಯಾಪಾರಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಪ್ರಪಾತವೇ ಕಾಣುತ್ತಿತ್ತು. ಮಗಳು ಕೊಡ ಎತ್ತಿಕೊಂಡರೆ ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಊರಿನವರು ಹಿಮ ಗಟ್ಟಿಯಾಗುವ ಮೊದಲೇ ಗುಡಿಸುತ್ತಿದ್ದರು. ಗಟ್ಟಿಯಾದರೆ ಹಾರೆಯಿಂದ ಒಡೆದು, ಕಾಲು ಜಾರದಂತೆ ಒಲೆಯ ಬೂದಿಯನ್ನೋ ಮರಳನ್ನೋ ಎರಚುತ್ತಿದ್ದರು. ಹಿಮ ಬಿದ್ದಾಗಲೆಲ್ಲ ಮತ್ತೆ ಅದೇ ದುಡಿಮೆ. ವ್ಯಾಪಾರಿಗೆ ಅದು ಸಾಲದೆನ್ನಿಸಿತು. ಅವನು ತನ್ನ ಉಪ್ಪಿನ ಮೂಟೆಗಳನ್ನು ಬಿಚ್ಚಿ ದಾರಿಯುದ್ದಕ್ಕೂ ಸುರಿದ. ಮಂಜುಗಡ್ಡೆ ಕರಗಿ ನೆಲ ಕಂಡಿತು.

ಪಕ್ಕದ ಮನೆಯ ಮುದುಕಿ ಬಂದು, “ಅಪ್ಪಾ, ಉಪ್ಪು ಹಾಕಬೇಡ. ಬೆಟ್ಟದ ಮೇಲಿನ ಮೇಕೆಗಳು ಅದರ ರುಚಿ ಹುಡುಕಿ ಇಳಿಯುತ್ತವೆ. ಅವುಗಳ ಹಿಂದೆ ಇನ್ನೇನು ಇಳಿಯುತ್ತದೋ. ಹಾರೆ ತಾ, ಎಲ್ಲ ಸೇರಿ ಒಡೆಯೋಣ” ಎಂದಳು.

“ನನ್ನ ಮಗಳು ಮನೆ ಮುಟ್ಟಿದರೆ ಸಾಕಮ್ಮ. ಉಳಿದದ್ದು ನನಗೆ ಬೇಡ” ಎಂದ ವ್ಯಾಪಾರಿ.

ಹಿಮ ಬಿದ್ದಾಗಲೆಲ್ಲ ಅವನು ಉಪ್ಪು ಸುರಿದ. ಅದು ಮಣ್ಣಿಗಿಳಿಯಿತು, ಬಂಡೆಯ ಬಿರುಕುಗಳಿಗೆ ಸೇರಿತು. ಒಂದು ಬೆಳಿಗ್ಗೆ ಮಗಳು ನೀರು ತುಂಬಿಕೊಂಡು ಬರುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ದಾರಿಯ ನಡುವೆ ಕಾಡುಮೇಕೆಯೊಂದು ತನ್ನ ಮರಿಯೊಡನೆ ನೆಲ ನೆಕ್ಕುತ್ತಿತ್ತು. ಮಗಳು ಅದನ್ನು ಕಂಡು ನಿಂತಳು. ಅವಳಿಗೆ ಕಾಣದ್ದು ಅವನಿಗೆ ಕಂಡಿತು. ಅವಳ ತಲೆಯ ನೇರಕ್ಕೆ, ಬಂಡೆಯ ಮೇಲೆ, ಒಂದು ಚಿರತೆ ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಮಲಗಿತ್ತು. ಕೂಗಿದರೆ ಮಗಳು ಬೆಚ್ಚಿ ಕಾಲು ತಪ್ಪಿ ಬೀಳುವಳು. ಕೂಗದೆ ಇರುವುದು ಹೇಗೆ?

ಚಿರತೆ ನೆಗೆಯಿತು. ಮಗಳ ಭುಜ ಸವರಿಕೊಂಡು ಹೋಗಿ ಮೇಕೆಯ ಮರಿಯನ್ನು ಹಿಡಿಯಿತು. ಅದನ್ನು ಕಚ್ಚಿಕೊಂಡೇ ಬಂಡೆ ಹತ್ತಿ ಮರೆಯಾಯಿತು. ಕೊಡ ಪ್ರಪಾತಕ್ಕೆ ಉರುಳಿತು. ತಾಯಿಮೇಕೆ ಅಲ್ಲೇ ನಿಂತು ಅರಚುತ್ತಿತ್ತು. ವ್ಯಾಪಾರಿ ಓಡಿಹೋಗಿ, ಬಂಡೆಗೆ ಬೆನ್ನು ಹಚ್ಚಿ ನಿಂತಿದ್ದ ಮಗಳನ್ನು ಹೊತ್ತು ತಂದ.

ಉಳಿದ ಮೂಟೆಗಳ ಬಾಯಿ ಕಟ್ಟಿ ಅವನು ಅಂದೇ ಹಾರೆ ಹಿಡಿದ. ಊರಿನವರೂ ಕೈಜೋಡಿಸಿದರು. ಆದರೆ ನೆಲಕ್ಕಿಳಿದ ಉಪ್ಪು ಹೋಗಲಿಲ್ಲ. ಮಳೆ ಬಂದು ತೊಳೆಯುವವರೆಗೂ ಮೇಕೆಗಳು ಬರುತ್ತಲೇ ಇದ್ದವು. ಅವನು ಬೂದಿ ಎರಚುತ್ತ ಮಗಳ ಮುಂದೆ ನಡೆಯುವನು, ಮತ್ತೆ ಮತ್ತೆ ಬಂಡೆಯ ತುದಿಯನ್ನು ನೋಡುವನು.

ಗುರುಗಳು ಕತೆ ಮುಗಿಸಿದರು. ಮುರಿಗಯ್ಯ ನಿಟ್ಟುಸಿರು ಬಿಟ್ಟು, “ಸದ್ಯ, ಮಗು ಉಳಿಯಿತಲ್ಲ” ಎಂದ.

“ಚಿರತೆಯ ಬಾಯಲ್ಲಿದ್ದದ್ದೂ ಒಂದು ತಾಯಿಯ ಮಗುವೇ” ಎಂದರು ಗುರುಗಳು.

ಮುರಿಗಯ್ಯ ತಲೆ ತಗ್ಗಿಸಿದ.