ಗೊರವಂಕದ ಇಂಗ್ಲಿಷ್

ವಿದೇಶಿ ಅತಿಥಿಗಳು ತಂಗುವ ಬಂಗಲೆಯ ಅಂಗಳದಲ್ಲಿ ಒಂದು ಗಿಳಿಯೂ ಒಂದು ಗೊರವಂಕವೂ ನೆರೆಹೊರೆಯಾಗಿದ್ದವು. ಎರಡಕ್ಕೂ ಇಂಗ್ಲಿಷ್ ಕಲಿಯುವ ಹಂಬಲ. ಗಿಳಿ ಪೊಟರೆಯಲ್ಲಿ ಕುಳಿತು ವ್ಯಾಕರಣ ಬಾಯಿಪಾಠ ಮಾಡುತ್ತಿತ್ತು. ಹೊರಗೆ ಮಾತ್ರ ಕೊಕ್ಕು ಬಿಚ್ಚುತ್ತಿರಲಿಲ್ಲ. ಗೊರವಂಕ ದಿನವೂ ಜಗಲಿಗೆ ಹೋಗಿ, ಕಿವಿಗೆ ಬಿದ್ದ ಪದಗಳನ್ನು ಅತಿಥಿಗಳೆದುರೇ ಆಡಿ ನೋಡುತ್ತಿತ್ತು. ಅವರು ನಕ್ಕರೆ ಅದಕ್ಕೂ ನಾಚಿಕೆಯಾಗುತ್ತಿತ್ತು. ಆದರೂ ಮರುದಿನ ಹೋಗುತ್ತಿತ್ತು.

"ತಪ್ಪುತಪ್ಪಾಗಿ ಮಾತಾಡಿ ಹಕ್ಕಿಕುಲದ ಮಾನ ಕಳೆಯಬೇಡ," ಎಂದಿತು ಗಿಳಿ.

"ಕಲಿಯುವವರ ಬಾಯಲ್ಲಿ ತಪ್ಪು ಬಾರದೆ ಇನ್ನೇನು ಬಂದೀತು? ಆಡುತ್ತಾ ಆಡುತ್ತಾ ಸರಿಹೋದೀತು," ಎಂದಿತು ಗೊರವಂಕ.

ಒಂದು ಬೆಳಿಗ್ಗೆ ಗಿಳಿಯ ಮರಿ ಪೊಟರೆಯಿಂದ ಜಾರಿ ನೀರಿನ ತೊಟ್ಟಿಗೆ ಬಿತ್ತು. ಜಗಲಿಯಲ್ಲಿ ಅತಿಥಿಯೊಬ್ಬಳು ಓದುತ್ತಾ ಕುಳಿತಿದ್ದಳು. ಗಿಳಿ ಅವಳೆದುರಿಗೆ ಹಾರಿತು. 'ಫಾಲ್' ಎನ್ನಬೇಕೋ, 'ಫೆಲ್' ಎನ್ನಬೇಕೋ, 'ಫಾಲನ್' ಎನ್ನಬೇಕೋ ಎಂದು ಅಳೆಯುತ್ತಲೇ ಉಳಿಯಿತು. ಸರಿಯಾದ ಪದ ಯಾವುದೆಂದು ಗೊರವಂಕಕ್ಕೂ ಗೊತ್ತಿರಲಿಲ್ಲ. ಆದರೆ ತನ್ನ ಮಾತು ಅವಳಿಗೆ ತಿಳಿದೀತೆಂಬ ಧೈರ್ಯ ಅದಕ್ಕಿತ್ತು.

"ಮೇಡಂ, ಕಮ್! ಬೇಬಿ ಫಾಲ್ ವಾಟರ್!" ಎಂದು ಕೂಗಿತು.

ಅವಳು ಪುಸ್ತಕ ಎಸೆದು ಓಡಿಬಂದು ಮರಿಯನ್ನು ಎತ್ತಿಕೊಂಡಳು.

ಮರಿಯ ರೆಕ್ಕೆ ಒಣಗುವವರೆಗೂ ಗಿಳಿ ಅದರ ಪಕ್ಕದಲ್ಲೇ ಕುಳಿತಿತ್ತು. ಆಮೇಲೆ, "ಫೆಲ್ ಅನ್ನಬೇಕಿತ್ತು," ಎಂದು ಮೆಲ್ಲಗೆ ಹೇಳಿತು.

"ಹೌದೇ? ನನಗೆ ಗೊತ್ತಿರಲಿಲ್ಲ. ಕಲಿಸಿಕೊಡು," ಎಂದಿತು ಗೊರವಂಕ.

"ಕಲಿಸುತ್ತೇನೆ. ನೀನು ನನ್ನನ್ನು ಜಗಲಿಗೆ ಕರೆದುಕೊಂಡು ಹೋಗು."

ಆ ಸಂಜೆ ಗಿಳಿ ಅತಿಥಿಗಳ ಮುಂದೆ ತನ್ನ ಮೊದಲ ಇಂಗ್ಲಿಷ್ ಮಾತನ್ನು ಆಡಿತು. ತಪ್ಪಾಗಿಯೇ ಆದರೂ, ಗಟ್ಟಿಯಾಗಿ.