ಹೇಡಿ ಗೊಂಬೆ ಹಿಡಿದ ತೋಪಯ್ಯ

“ಕೇಳ್ರಪ್ಪೋ ಕೇಳಿ. ಕಲ್ಲೂರುಗಡದ ದೊರೆಮಗಳು ಬಾಚಲದೇವಿಯವರ ಮುಂದೆ ಹಾಸಿನಾಟ ಆಡಿ, ಅವರು ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ಹುಣ್ಣಿಮೆ ದಿನ ತಲೆ ಹೋಗುತ್ತೆ. ಊರಿಗೊಬ್ಬ ಮದುವೆಯಾಗದ ಗಂಡಸು ಬರಲೇಬೇಕು.” ಹೀಗಂತ ಡಂಗುರ ಹೊಡೆಸಿದ ದೊರೆ.

ಹಾಸಿನಾಟ ಅಂದರೇನು ಅಂತ ನಿಮಗೆಲ್ಲಿ ಗೊತ್ತಿರುತ್ತೆ, ಹೇಳ್ತೀನಿ. ನೆಲಕ್ಕೆ ದೊಡ್ಡ ಬಟ್ಟೆ ಹಾಸಿ, ಅದರ ಮೇಲೆ ಕಾಡು, ಹೊಳೆ, ಕೋಟೆ ಬರೆದಿರುತ್ತಾರೆ. ಆಡುವವನು ಪೆಟ್ಟಿಗೆಯಿಂದ ಒಂದು ಮರದ ಗೊಂಬೆ ಆರಿಸಿ, ಕವಡೆ ಹಾಕಿ ನಡೆಸಬೇಕು. ದಾರಿಯಲ್ಲಿ ಏನೇನು ಎದುರಾಗುತ್ತೆ ಅಂತ ಹೇಳುವವಳು ರಾಜಕುಮಾರಿ. ಹಾಸು ಮಡಿಸುವ ತನಕ ಅವನ ಮಾತೆಲ್ಲ ಗೊಂಬೆಯ ಮಾತು. ಗೊಂಬೆ ಕೆಳಗಿಟ್ಟು ಸ್ವಂತ ಮಾತಾಡಿದನೋ, ಸೋತ.

ಕೆಮ್ಮಣ್ಣಹಳ್ಳಿಯಲ್ಲಿ ಚೀಟಿ ಎತ್ತಿದಾಗ ಬಂದದ್ದು ಕುಂಬಾರರ ತೋಪಯ್ಯನ ಹೆಸರು. ಆ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಮಡಕೆ ಸುಡುವ ಆವಿಗೆಯೊಳಗೆ ನುಗ್ಗಿ ಉಸಿರು ಬಿಗಿಹಿಡಿದು ಕೂತ. ಅವನ ಅಣ್ಣ ಮುದ್ದಯ್ಯ, “ನಾನೇ ತೋಪಯ್ಯ” ಅಂತ ಸುಳ್ಳು ಹೇಳಿ ರಾಜಭಟರ ಹಿಂದೆ ಹೋದ. ವಾರದೊಳಗೆ ಸುದ್ದಿ ಬಂತು: ಮುದ್ದಯ್ಯ ಮೊದಲನೇ ಒಗಟಿಗೇ ಸೋತು ಸೆರೆಯಲ್ಲಿದ್ದಾನೆ. ತೋಪಯ್ಯ ಕನ್ನಡಿ ಹಾಗಿರಲಿ, ನೀರು ತುಂಬಿದ ಮಡಕೆ ಕಂಡರೂ ಮುಖ ತಿರುಗಿಸುತ್ತಿದ್ದ. ಕೊನೆಗೆ ಹುಣ್ಣಿಮೆಗೆ ಒಂದು ದಿನ ಇದೆ ಅನ್ನುವಾಗ ಎದ್ದು ಅರಮನೆಗೆ ನಡೆದ.

ಅಲ್ಲಿ ಸೇನಾಪತಿಯ ಮಗ ಆಡುತ್ತಿದ್ದ. ಅವನ ಕೈಲಿದ್ದದ್ದು ಶೂರನ ಗೊಂಬೆ. ಅದುವರೆಗೆ ಬಂದವರೆಲ್ಲ ಅದನ್ನೇ ಎತ್ತಿಕೊಂಡಿದ್ದರು, ಬಣ್ಣವೆಲ್ಲ ಸವೆದಿತ್ತು.

“ನಿನ್ನ ಮನೆಯಲ್ಲೊಬ್ಬ ಕಾವಲಿನವನು,” ಅಂದಳು ಬಾಚಲದೇವಿ. “ಕೂಲಿ ಕೇಳಲ್ಲ, ನಿದ್ದೆ ಮಾಡಲ್ಲ. ಕಳ್ಳ ಬರುವ ಮೊದಲೇ ಎಬ್ಬಿಸುತ್ತಾನೆ. ಆದರೂ ಅವನು ನಮ್ಮ ಮನೆಯಲ್ಲೇ ಇಲ್ಲ ಅಂತ ಎಲ್ಲರೂ ಜಂಬ ಕೊಚ್ಚುತ್ತಾರೆ. ಯಾರವನು?”

“ನಾಯಿ,” ಅಂದ ಸೇನಾಪತಿಯ ಮಗ.

“ನಾಯಿ ಸಾಕಿಲ್ಲ ಅಂತ ಯಾರು ಜಂಬ ಕೊಚ್ಚುತ್ತಾರೆ?” ಅಂದಳು ಅವಳು. ಅವನನ್ನೂ ಎಳೆದುಕೊಂಡು ಹೋದರು. ಸೆರೆಯಲ್ಲಿ ಏಳು ಜನ ಆದರು.

ನಾನೂ ಆಡ್ತೀನಿ ಅಂತ ತೋಪಯ್ಯ ಹಾಸಿನ ಮುಂದೆ ಕೂತ. ಶೂರನ ಗೊಂಬೆಗೆ ಕೈ ಹಾಕಲು ಹೋಗಿ ಹಿಂದೆ ತೆಗೆದ. “ಇದನ್ನು ಹಿಡಿಯೋಕೆ ನಂಗೆ ನಾಚಿಕೆಯಾಗುತ್ತೆ, ತಾಯಿ,” ಅಂದು ಪೆಟ್ಟಿಗೆಯ ತಳ ಕೆದಕಿ ಹೇಡಿಯ ಗೊಂಬೆ ತೆಗೆದ. ಅದೊಂದು ಗೂನುಬೆನ್ನಿನ, ಕಣ್ಣರಳಿಸಿಕೊಂಡ ಗೊಂಬೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವನ ಕಿವಿ ಕೆಂಪಾಯಿತು.

ಕವಡೆ ಬಿತ್ತು. “ಕಾಡು ಬಂತು, ಪೊದೆ ಅಲ್ಲಾಡುತ್ತಿದೆ,” ಅಂದಳು ರಾಜಕುಮಾರಿ.

“ನಾನು ಮರ ಹತ್ತಿದೆ,” ಅಂದಿತು ಗೊಂಬೆ.

“ಮೊಲ ಕಣಯ್ಯಾ ಅದು.”

“ಮೊಲ ಯಾಕೆ ಓಡ್ತಿದೆ ಅಂತ ನೋಡ್ಕೊಂಡು ಇಳೀತೀನಿ.”

ಹಾಸಿನ ಕಾಡಿನಲ್ಲಿ ಮೊಲದ ಹಿಂದೆ ನಿಜವಾಗಿ ಹುಲಿ ಇತ್ತು. ಶೂರನ ಗೊಂಬೆ ಹಿಡಿದವರೆಲ್ಲ ಆಟದಲ್ಲಿ ಅಲ್ಲೇ ಮೈತುಂಬ ಗಾಯ ಮಾಡಿಕೊಂಡಿದ್ದರು. ಬಾಚಲದೇವಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕು ಸುಧಾರಿಸಿಕೊಂಡು ಕಾವಲಿನವನ ಅದೇ ಮೊದಲ ಒಗಟು ಕೇಳಿದಳು.

“ಭಯ,” ಅಂದಿತು ಗೊಂಬೆ. “ಅದು ನಮ್ಮನೇಲೇ ಇದೆ. ಇಲ್ಲ ಅಂತ ಹೇಳೋಕೆ ನಂಗೆ ಬರಲ್ಲ.”

ಸಭೆಯ ನಗು ನಿಂತಿತು. ಹೊಳೆ ಬಂತು. ಗೊಂಬೆ ನೀರಿಗಿಳಿಯದೆ ದಡದಲ್ಲೇ ಅಲೆದಲೆದು, ದನ ದಾಟುವ ಜಾಗ ಹುಡುಕಿ ಮೊಸಳೆ ಬಾಯಿಂದ ತಪ್ಪಿಸಿಕೊಂಡಿತು. ಆಚೆ ದಡದಲ್ಲಿ ಎರಡನೇ ಒಗಟು: “ಬೆಂಕಿಯಿಲ್ಲದೆ ಸುಡುತ್ತೆ. ಬೇರೆಯವರು ಮರೆತರೂ ಆರಲ್ಲ. ಇದು ಯಾರೊಳಗೆ ಇಲ್ಲವೋ ಅವರನ್ನು ಊರೇ ಬೈಯುತ್ತೆ. ಇದ್ದವನು ಮಾತ್ರ ಸಾಯುವಷ್ಟು ಸಂಕಟ ಪಡುತ್ತಾನೆ. ಏನದು?”

ತೋಪಯ್ಯ ತಲೆ ಎತ್ತಲಿಲ್ಲ. “ನಾಚಿಕೆ. ಮಾಡಬಾರದ್ದು ಮಾಡಿದವನ ನಾಚಿಕೆ. ಹದಿನೈದು ದಿನದಿಂದ ಸುಡ್ತಾ ಇದೆ.”

“ಹೌದು,” ಅಂದಳು ಅವಳು, ಮೆತ್ತಗೆ.

ಗೊಂಬೆ ಕೋಟೆ ಬಾಗಿಲಿಗೆ ಬಂತು. ಅಷ್ಟೊತ್ತಿಗೆ ಕೊನೆಯ ಒಗಟು ಕೇಳಿಸಿಕೊಳ್ಳಲಿ ಅಂತ ಸೆರೆಯವರನ್ನೂ ಸಭೆಗೆ ತಂದಿದ್ದರು. ತೋಪಯ್ಯ ಅಣ್ಣನ ಕಾಲಿನ ಬೇಡಿ ನೋಡಿದ, ಮುಖ ನೋಡಲಾಗಲಿಲ್ಲ.

“ಎಲ್ಲರಿಗೂ ಬರುವ ಮಾತು,” ಅಂದಳು ಬಾಚಲದೇವಿ. “ಆದರೆ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತೆ. ದೊಡ್ಡವರಾದಷ್ಟೂ ಹೊರಗೆ ಬರಲ್ಲ. ಬಂದರೆ ಆಡಿದವನಿಗೂ ಹಗುರ, ಕೇಳಿದವನಿಗೂ ಹಗುರ. ಯಾವುದು?”

ತೋಪಯ್ಯನಿಗೆ ಉತ್ತರ ಗೊತ್ತಾಯಿತು. ಗೊಂಬೆ ಎತ್ತಿ ಹೇಳಿಬಿಟ್ಟರೆ ಆಯ್ತು, ಗೆದ್ದ. ಆದರೆ ಅವನು ಗೊಂಬೆಯನ್ನು ಕೆಳಗಿಟ್ಟ.

“ಇದನ್ನ ಗೊಂಬೆ ಕೈಲಿ ಹೇಳಿಸೋಕಾಗಲ್ಲ ತಾಯಿ, ತಲೆ ಹೋದರೆ ಹೋಗಲಿ,” ಅಂದು ಎದ್ದುಹೋಗಿ ಅಣ್ಣನ ಕಾಲ ಹತ್ತಿರ ಕೂತ. “ಅಣ್ಣಾ, ತಪ್ಪಾಯ್ತು. ನನ್ನ ಹೆಸರು ಕೂಗಿದಾಗ ನಾನು ಆವಿಗೆಯೊಳಗಿದ್ದೆ. ನೀನು ಹೋಗೋದು ಕೇಳಿಸ್ತು. ಆದರೂ ಹೊರಗೆ ಬರಲಿಲ್ಲ.”

ಮಂತ್ರಿಗಳು ಎದ್ದು ನಿಂತು, ಗೊಂಬೆ ಬಿಟ್ಟ, ಆಟ ಕೆಟ್ಟಿತು, ಅಂದರು.

“ಕೂತ್ಕೊಳ್ಳಿ,” ಅಂದಳು ರಾಜಕುಮಾರಿ. “ತಪ್ಪಾಯ್ತು ಅನ್ನೋದೇ ಉತ್ತರ. ಅದನ್ನು ಗೊಂಬೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಭಯ ಬಲ್ಲವನು ಜನರನ್ನು ಸುಮ್ಮನೆ ಯುದ್ಧಕ್ಕೆ ತಳ್ಳಲ್ಲ. ನಾಚಿಕೆ ಬಲ್ಲವನು ಅನ್ಯಾಯ ಮಾಡಿ ನಿದ್ದೆ ಮಾಡಲ್ಲ. ತಪ್ಪು ಒಪ್ಪುವವನು ಅದನ್ನು ತಿದ್ದುತ್ತಾನೆ. ಅಂಥವನನ್ನು ಹುಡುಕೋಕೆ ಹೊರಟು ತಲೆಗಳನ್ನು ಪಣಕ್ಕಿಟ್ಟೆವು. ಅಪ್ಪಾ, ತಪ್ಪಾಯ್ತು ಅನ್ನೋ ಆ ಮಾತು ಈಗ ನಾವಿಬ್ಬರೂ ಆಡಬೇಕು.”

ಅವಳು ಆಡಿದಳು. ದೊರೆ ಏಳು ಜನರ ಮುಂದೆ ನಿಂತು ಮೂರು ಸಲ ಕೆಮ್ಮಿದ. ಆಮೇಲೆ ಹೇಳಿದ. ಬೇಡಿ ಕಳಚಿದರು. ಮದುವೆಗೆ ದಿನ ಗೊತ್ತಾಯಿತು, ಅರ್ಧ ರಾಜ್ಯವೂ ತೋಪಯ್ಯನದಾಯಿತು.

ಊರಿಗೆ ಹೇಳಿಬರಲು ಅಣ್ಣತಮ್ಮ ಹೊರಟರು. ತೋಪಯ್ಯ ನಾಲ್ಕು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ. ಅರ್ಧ ದಾರಿಯಾದ ಮೇಲೆ ಮುದ್ದಯ್ಯ ನಿಂತ.

“ಲೋ, ನೀನು ಆವಿಗೆಯಲ್ಲಿರೋದು ನಂಗೆ ಗೊತ್ತಿತ್ತು. ನಿನ್ನ ಕಾಲು ಹೊರಗೆ ಕಾಣ್ತಿತ್ತು. ಭಟರು ನೋಡಬಾರದು ಅಂತ ನಾನೇ ಹುಲ್ಲು ಮುಚ್ಚಿ ಹೋದೆ.”

ತೋಪಯ್ಯ ದಾರಿ ಮಧ್ಯದಲ್ಲೇ ಕುಸಿದು ಕೂತು ಅತ್ತ. ಅಣ್ಣ ಪಕ್ಕದಲ್ಲಿ ಕೂತು, ಅವನು ಅತ್ತು ಮುಗಿಸುವವರೆಗೂ ಕಾದ.