ಏಳು ಸೀಟಿನ ಗಾಡಿಯಲ್ಲಿ ಐದು ಜನ

ಶಿಷ್ಯ ಕೇಳಿದ: "ಗುರುಗಳೇ, ಒಂದು ಗಾಡಿ ಕುಟುಂಬಕ್ಕೆ ತಕ್ಕದ್ದೋ ಅಲ್ಲವೋ ಎಂದು ತೂಗಿ ನೋಡುವುದು ಹೇಗೆ?"

ಈ ಶಿಷ್ಯ ವಾಹನಗಳ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ. ಮೂರು ಸಾಲು ಸೀಟಿನ ನಾಲ್ಕು ದುಬಾರಿ ಗಾಡಿಗಳಲ್ಲಿ ಯಾವುದು ಮೇಲು ಎಂದು ಹೇಳುವ ಕೆಲಸ ಅವನಿಗೆ ಬಿದ್ದಿತ್ತು. ಅವನು ನಾಲ್ಕನ್ನೂ ಓಡಿಸಿದ್ದ. ಟೇಪು ಹಿಡಿದು ಅಳೆದಿದ್ದ. ಪ್ರತಿಯೊಂದಕ್ಕೂ ಅಂಕ ಹಾಕಿ ಪಟ್ಟಿ ಮಾಡಿದ್ದ. ಆದರೂ ಬರಹದ ಕೊನೆಯ ಮಾತು ಅವನಿಗೆ ಸಿಕ್ಕಿರಲಿಲ್ಲ.

ಗುರುಗಳು ಪಟ್ಟಿಯನ್ನು ಪೂರ್ತಿ ಓದಿ, ಮಡಚಿ, ಅವನ ಕೈಗೇ ಕೊಟ್ಟರು. ಆಮೇಲೆ ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ತಾಯಿ, ಹೆಂಡತಿ, ಒಬ್ಬ ಮಗ, ನಾಲ್ಕು ವರ್ಷದ ಒಬ್ಬಳು ಮಗಳು. ಮಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಮಗು ಹುಟ್ಟಿದ ವಾರದಿಂದ ಅವಳು ಆ ಮನೆಯಲ್ಲೇ ಇದ್ದಳು. ಮಗುವಿಗೆ ಉಣ್ಣಿಸುವವಳು ಅವಳು. ಮುದುಕಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವವಳೂ ಅವಳೇ. ಬಂದ ನೆಂಟರಿಗೆಲ್ಲ ವ್ಯಾಪಾರಿ ಅವಳನ್ನು ತೋರಿಸಿ, "ಇವಳು ನಮ್ಮ ಮನೆಯವಳ ಹಾಗೇ" ಎನ್ನುತ್ತಿದ್ದ. ಹೆಂಡತಿಯನ್ನು ತೋರಿಸಿ ಹಾಗೆ ಹೇಳಿದ ಗಂಡಸನ್ನು ನಾನು ಇದುವರೆಗೂ ಕಂಡಿಲ್ಲ.

ವ್ಯಾಪಾರಿ ಹೊಸ ಗಾಡಿ ಕೊಳ್ಳಬೇಕೆಂದ. ನೀನು ಅಳೆದೆಯಲ್ಲ, ಅಂಥದ್ದೇ. ಏಳು ಸೀಟು, ಮೂರು ಸಾಲು. ಮನೆಮಂದಿಯನ್ನೆಲ್ಲ ಕರೆದುಕೊಂಡು ಷೋರೂಮಿಗೆ ಹೋದ. ಎಲ್ಲರೂ ಕೂತು ನೋಡಿಯೇ ಕೊಳ್ಳುವುದು ಎಂದ. ಅವನೂ ತಾಯಿಯೂ ಮುಂದೆ ಕೂತರು. ಹೆಂಡತಿ, ಮಗ, ಮಗಳು ನಡುವಿನ ಸಾಲಿನಲ್ಲಿ. ಆ ಹೆಂಗಸು ಕೈಚೀಲಗಳ ಜೊತೆ ಕಡೆಯ ಸಾಲಿನಲ್ಲಿ.

ಷೋರೂಮಿನವನು ಬಾಗಿಲು ಹಾಕಿ, "ಕೇಳಿಸ್ಕೊಳ್ಳಿ ಸಾರ್, ಹೊರಗಿನ ಒಂದು ಸದ್ದಾದ್ರೂ ಒಳಗೆ ಬರುತ್ತಾ?" ಎಂದ. ಬರಲಿಲ್ಲ. ಹಾಡು ಹಾಕಿದ. ಮುದುಕಿಗೆ ಸೊಂಟ ನೋವು ಮರೆತುಹೋಯಿತು. ಮಗನಿಗೆ ಪರದೆ ಹಿಡಿಸಿತು. ಹೆಂಡತಿಗೆ ಬಣ್ಣ ಹಿಡಿಸಿತು. ಒಬ್ಬೊಬ್ಬರನ್ನೇ ಕೇಳುತ್ತ ಬಂದ ಷೋರೂಮಿನವನು ಕಡೆಗೆ, "ಹಿಂದೆ ಹೇಗಿದೆಯಮ್ಮಾ?" ಎಂದ. ಅವಳನ್ನು ಹಾಗೆ ಕೇಳಿದವನು ಅವನೊಬ್ಬನೇ.

"ಮೆತ್ತಗದೆ ಸ್ವಾಮಿ. ಆದ್ರೆ ನನ್ ಪಕ್ಕಕ್ಕೆ ಬಾಗ್ಲೇ ಇಲ್ವಲ್ಲ. ಇಳಿಯೋದು ಹೆಂಗೆ?"

ವ್ಯಾಪಾರಿ ನಕ್ಕ. "ನಾವು ಇಳಿದ್ಮೇಲೆ ನಿನ್ನ ಅಲ್ಲೇ ಬಿಟ್ಟು ಹೋಗ್ತೀವೇನೇ? ಆಮೇಲೆ ಮಗುವಿಗೆ ಅನ್ನ ತಿನ್ಸೋರು ಯಾರು?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗದೆ ಇರಲು ಅವಳಿಗೆ ಆಗುತ್ತಿರಲಿಲ್ಲ.

ಷೋರೂಮಿನವನು ಅವಳಿಗೆ ನಡುವಿನ ಸೀಟಿನ ಬೆನ್ನ ಮೇಲಿದ್ದ ಒಂದು ಕೆಂಪು ಪಟ್ಟಿ ತೋರಿಸಿದ. ಅದನ್ನು ಜಗ್ಗಿದರೆ ಆ ಸೀಟು ಮುಂದಕ್ಕೆ ಮಡಚಿಕೊಳ್ಳುತ್ತಿತ್ತು. ದಾರಿಯಾಗುತ್ತಿತ್ತು; ಇಲ್ಲದಿದ್ದರೆ ಆ ಎತ್ತರದ ಬೆನ್ನು ಹತ್ತಿ ದಾಟುವಂತಿರಲಿಲ್ಲ. ಮಗ ಇಳಿದು ನಿಂತ. ಅವಳು ಜಗ್ಗಿ ನೋಡಿದಳು. ಮತ್ತೊಂದು ಸಲ ಜಗ್ಗಿದಳು. "ಸಾಕು ಬಿಡೇ, ಕಿತ್ ಕೈಗೆ ತಗೋತೀಯಾ ಏನು?" ಎಂದಳು ವ್ಯಾಪಾರಿಯ ಹೆಂಡತಿ. ಆ ಗಾಡಿಯ ಬಗ್ಗೆ ಆ ಹೆಂಗಸು ಕಲಿತದ್ದು ಅದೊಂದನ್ನೇ. ಅವಳಿಗೆ ಬೇಕಾದದ್ದೂ ಅದೊಂದೇ.

ಗಾಡಿ ಮನೆಗೆ ಬಂತು. ನಮ್ಮ ಜನ ಹೊಸ ವಸ್ತು ತಂದರೆ ಮೊದಲು ಮಾಡುವುದೇನು? ಮುಚ್ಚುವುದು. ಕಂಪನಿಯವರು ಹೊದಿಸಿ ಕಳಿಸಿದ ಪ್ಲಾಸ್ಟಿಕ್ಕನ್ನು ಮುಂದಿನ ಎರಡು ಸಾಲುಗಳಿಂದ ತೆಗೆದರು. ಕಡೆಯ ಸಾಲಿನಿಂದ ತೆಗೆಯಲಿಲ್ಲ, ಅಲ್ಲಿ ಅವಳು ಕೂರುತ್ತಾಳೆ ಎಂದು. ನಡುವಿನ ಸಾಲಿಗೆ ಸೀಟು ಹೊಲಿಯುವವನನ್ನು ಕರೆಸಿದರು. ಒಳ್ಳೆಯ ಚರ್ಮದ ಮೇಲೆ ಇನ್ನೊಂದು ಚರ್ಮದ ಕವರು. ಹೊಲಿಯುವವನು ಅಳತೆ ತೆಗೆಯುತ್ತ ಕೇಳಿದ: "ಸಾರ್, ಇಲ್ಲೊಂದು ಕೆಂಪು ಪಟ್ಟಿ ಐತೆ. ಅದಕ್ಕೆ ಕಂಡಿ ಬಿಡ್ಲಾ?"

"ಕಂಡಿ ಬಿಟ್ರೆ ಅಂದ ಕೆಡುತ್ತೆ. ಮುಚ್ಚಿ ಹೊಲಿ."

ಅವನು ಮುಚ್ಚಿ ಹೊಲಿದ. ಗಟ್ಟಿಯಾಗಿ ಹೊಲಿದ. ಕೆಲಸ ಬಲ್ಲವನು.

ಅಂದಿನಿಂದ ಎಲ್ಲಿಗೆ ಹೋದರೂ ಎಲ್ಲರೂ ಇಳಿದು, ಮೈ ಮುರಿದು, ಚಪ್ಪಲಿ ಸರಿ ಮಾಡಿಕೊಂಡ ಮೇಲೆ ಯಾರಾದರೊಬ್ಬರು ಹೊರಗಿನಿಂದ ಬಾಗಿಲ ಬದಿಯ ಹಿಡಿ ಎತ್ತಿ ಸೀಟು ಮಡಚಿ ಅವಳನ್ನು ಇಳಿಸುತ್ತಿದ್ದರು. ಕೆಲವು ಸಲ ಮರೆಯುತ್ತಿದ್ದರು. ಆಗ ಅವಳು ಗಾಜು ತಟ್ಟುತ್ತಿದ್ದಳು. ಹಿಂದಿನ ಗಾಜು ಕಪ್ಪು. ಯಾರೋ ತಿರುಗಿ, "ಅಯ್ಯೋ, ಇವಳೊಬ್ಬಳು!" ಎಂದು ನಗುತ್ತ ಬಂದು ಬಿಡಿಸುತ್ತಿದ್ದರು. ಅದು ಆ ಮನೆಯ ತಮಾಷೆಯಾಗಿತ್ತು.

ಒಂದು ದಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿ ಊಟ ಮುಗಿಸಿ ಹಿಂದಿರುಗುತ್ತಿದ್ದರು. ನಾಲೆಯ ಏರಿಯ ಮೇಲಿನ ದಾರಿ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು. ವ್ಯಾಪಾರಿ ವೇಗದಲ್ಲಿದ್ದ. ಸ್ಟೀರಿಂಗು ಎಳೆದ. ಗಾಡಿ ಗಿರ್ರನೆ ತಿರುಗಿ ಹಿಂಭಾಗ ನಾಲೆಗೆ ಇಳಿಯಿತು. ಮುಂದಿನ ಚಕ್ರಗಳು ಏರಿಯ ಕಲ್ಲುಗಳಿಗೆ ಸಿಕ್ಕಿಕೊಂಡವು. ಮೂತಿ ಮೇಲೆ, ಬಾಲ ನೀರಿನಲ್ಲಿ. ನಾಲ್ಕು ಬಾಗಿಲೂ ತೆರೆದುಕೊಂಡವು. ಹೆಂಡತಿ ಮಗಳನ್ನು ಎಳೆದುಕೊಂಡಳು. ಮಗ ಅಜ್ಜಿಯ ಕೈ ಹಿಡಿದ. ಐದೂ ಜನ ಏರಿ ಹತ್ತಿ ನಿಂತರು. ಓರೆಯಾದ ಗಾಡಿಯ ಬಾಗಿಲುಗಳು ಅವರ ಹಿಂದೆ ತಾವಾಗಿಯೇ ಮುಚ್ಚಿಕೊಂಡವು. ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಗಾಡಿ ಒಳ್ಳೆಯ ಗಾಡಿ. ಅದರ ಹಾಡು ಕೂಡ ನಿಂತಿರಲಿಲ್ಲ.

ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವರು ಓಡಿ ಬಂದರು. ಅವರಲ್ಲೊಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗೆ ಇಳಿಯಲು ನಿಂತ. "ಒಳಗ್ ಇನ್ ಯಾರಾದ್ರೂ ಉಳ್ಕಂಡವ್ರಾ ಸ್ವಾಮಿ?"

ವ್ಯಾಪಾರಿ ಹಿಂದಕ್ಕೆ ತಿರುಗಿ ಎಣಿಸಿದ. ತಾಯಿ, ಹೆಂಡತಿ, ಮಗ, ಮಗಳು, ತಾನು.

"ಯಾರೂ ಇಲ್ಲಪ್ಪ. ನಾವು ಐದು ಜನ. ಐದೂ ಜನ ಬಂದ್ವಿ. ಗಾಡಿ ಜಾರದ ಹಾಗೆ ನೋಡ್ಕೊಳ್ಳಿ, ಹೊಸದು."

ಕಬ್ಬು ಕಡಿಯುವವನು ಸೊಂಟದ ಹಗ್ಗ ಬಿಚ್ಚಿದ. ಗಾಡಿಯ ಮೂತಿಗೆ ಕಟ್ಟಿದ. ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದ. ಹಗ್ಗ ಗಟ್ಟಿಯಾಗಿತ್ತು. ಗಾಡಿ ಒಂದು ಗೇಣೂ ಜಾರಲಿಲ್ಲ. ನೀರು ಮಾತ್ರ ಒಳಗೆ ಏರುತ್ತಿತ್ತು.

ಮಗು ಗಾಡಿಯ ಕಡೆ ಕೈ ಮಾಡಿ ಅರಚುತ್ತಿತ್ತು. ತಾಯಿ ಅದರ ಮುಖವನ್ನು ಎದೆಗೆ ಒತ್ತಿಕೊಂಡು, "ಆ ಕಡೆ ನೋಡಬೇಡ ಚಿನ್ನ. ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದಳು. ಮಗ ಫೋನಿನಲ್ಲಿ ಚಿತ್ರ ತೆಗೆದ. ವ್ಯಾಪಾರಿ ಕಂಪನಿಯವರಿಗೆ ಫೋನು ಮಾಡಿದ. ಗಾಡಿಯ ಹಿಂದಿನ ಗಾಜನ್ನು ಯಾರೋ ತಟ್ಟುತ್ತಿದ್ದರು. ಹೊರಗಿನ ಸದ್ದು ಒಳಗೆ ಬಾರದ ಗಾಡಿಯಿಂದ ಒಳಗಿನ ಸದ್ದೂ ಹೊರಗೆ ಬರುವುದಿಲ್ಲ. ಇದು ನಿನ್ನ ಪಟ್ಟಿಯಲ್ಲಿಲ್ಲ.

ಕಾಲು ಗಂಟೆ ಕಳೆಯಿತು. ಮುದುಕಿಗೆ ಎದೆ ಹೊಡೆದುಕೊಳ್ಳತೊಡಗಿತು. "ನನ್ನ ಮಾತ್ರೆ ಕೊಡ್ರೋ," ಎಂದಳು.

"ಮಾತ್ರೆ ಚೀಲ ಎಲ್ಲೇ?" ಎಂದ ವ್ಯಾಪಾರಿ.

"ಅವಳ ಹತ್ರ," ಎಂದಳು ಹೆಂಡತಿ.

ಆಗ ಎಲ್ಲರೂ ನೀರಿನ ಕಡೆ ತಿರುಗಿ ನೋಡಿದರು.

ಕೇಳಿಸಿತೇ? ಅವಳು ಅವರಿಗೆ ನೆನಪಾಗಲಿಲ್ಲ. ಚೀಲ ನೆನಪಾಯಿತು.

ಕಬ್ಬು ಕಡಿಯುವವನು ಹಗ್ಗವಿಲ್ಲದೆಯೇ ಹಾರಿದ. ಮಚ್ಚಿನಿಂದ ಗಾಜು ಒಡೆದು ಅವಳನ್ನು ಹೊರಗೆ ತಂದ. ತಡವಾಗಿತ್ತು. ಅವಳ ಉಗುರುಗಳು ಕಿತ್ತುಹೋಗಿದ್ದವು. ನಡುವಿನ ಸೀಟಿನ ಹೊಸ ಕವರಿನ ಹೊಲಿಗೆ ನಾಲ್ಕು ಬೆರಳಗಲ ಬಿಚ್ಚಿತ್ತು. ಬಿಚ್ಚಿದಲ್ಲಿ ಕೆಂಪು ಪಟ್ಟಿಯ ಅಂಚು ಕಾಣುತ್ತಿತ್ತು. ಹಿಡಿದು ಜಗ್ಗುವಷ್ಟು ಸಿಕ್ಕಿರಲಿಲ್ಲ.

ವಿಧಿ ಎಂದರು ನೆಂಟರು. ವಿಧಿಗೆ ಸೂಜಿ ಹಿಡಿದು ಹೊಲಿಯಲು ಬರುವುದಿಲ್ಲ. ಅದನ್ನು ಹೊಲಿಸಿದವನೊಬ್ಬನಿದ್ದ. ಏರಿಯ ಮೇಲೆ ನಿಂತು ಐದು ಎಂದು ಎಣಿಸಿದವನೂ ಅವನೇ.

ಕೆಲವು ವಾರ ಕಳೆದ ಮೇಲೆ ಕಂಪನಿಯವರು ವ್ಯಾಪಾರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ಅಪಘಾತದಲ್ಲಿ ನಿಮ್ಮ ಕುಟುಂಬದವರಿಗೆ ಪೆಟ್ಟಾಯಿತೇ? ಇಲ್ಲ ಎಂದು ಬರೆದ. ಗಾಡಿ ಕುಟುಂಬಕ್ಕೆ ತಕ್ಕದ್ದೇ? ಹೌದು. ಎಷ್ಟು ಅಂಕ? ಐದಕ್ಕೆ ಐದು. ಅವನು ಸುಳ್ಳು ಬರೆದ ಎಂದುಕೊಳ್ಳಬೇಡ. ಸುಳ್ಳು ಬರೆದಿದ್ದರೆ ಅವನಿಗೆ ಸತ್ಯ ಗೊತ್ತಿತ್ತು ಎಂದಾದರೂ ಆಗುತ್ತಿತ್ತು. ಅವನು ನಂಬಿದ್ದನ್ನೇ ಬರೆದ.

ಈಗ ಅವನ ಮನೆಯಲ್ಲಿ ಅಂಥದ್ದೇ ಇನ್ನೊಂದು ಗಾಡಿ ಇದೆ. ಅದೇ ಹೊಲಿಯುವವನು ಬಂದು ಹೋಗಿದ್ದಾನೆ. ಮಗುವನ್ನು ನೋಡಿಕೊಳ್ಳಲು ಬೇರೊಬ್ಬ ಹೆಂಗಸು ಬಂದಿದ್ದಾಳೆ. ಅವಳು ಎಲ್ಲಿ ಕೂರುತ್ತಾಳೆ ಎಂದು ನಿನಗೆ ಹೇಳಬೇಕಾಗಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. ಅವನು ಮಡಚಿದ ಪಟ್ಟಿಯನ್ನು ಬಿಡಿಸಿ ತೊಡೆಯ ಮೇಲೆ ಹರಡಿಕೊಂಡ. ಜೇಬಿನಿಂದ ಪೆನ್ನು ತೆಗೆದ. "ಅದು ಯಾವ ಗಾಡಿ ಗುರುಗಳೇ?" ಎಂದ. "ಹೆಸರು ಹೇಳಿ. ಈಗಲೇ, ನಿಮ್ಮೆದುರಿಗೇ ಹೊಡೆದುಹಾಕುತ್ತೇನೆ."

ಗುರುಗಳು ಅವನ ಪೆನ್ನನ್ನೇ ನೋಡುತ್ತ ಹೇಳಿದರು:

"ಗಾಡಿಯ ಹೆಸರು ಕೇಳಿದೆ, ಅವಳ ಹೆಸರು ಕೇಳಲಿಲ್ಲ."